ಲಿಫ್ಟ್ ಮೇಸ್ತ್ರಿ ಒತ್ತದ ಬಟನ್

ಆಪರೇಷನ್ ಮುಗಿದು, ಗಂಟಲಿನ ನಳಿಗೆ ತೆಗೆದು, ಅರ್ಧ ಎಚ್ಚರ ಅರ್ಧ ಮಂಪರಿನಲ್ಲಿದ್ದ ಲಿಫ್ಟ್ ಮೇಸ್ತ್ರಿ ಕಣ್ಣು ಬಿಡುವ ಮೊದಲೇ ಬಾಯಿ ಬಿಟ್ಟರು.

"ಓವರ್‌ಲೋಡ್ ಆಗಿದೆ. ಕೊನೇಲಿ ಹತ್ತಿದವರು ಇಳೀರಿ."

ಮಂಚದ ಸುತ್ತ ನಿಂತಿದ್ದವರಲ್ಲಿ ಕೊನೆಗೆ ಬಂದವರು ದೊಡ್ಡ ಸರ್ಜನ್. ಆ ಆಸ್ಪತ್ರೆಯಲ್ಲಿ ಅವರಿಗೆ ಎದುರಾಡುವವರೇ ಇರಲಿಲ್ಲ. ಆದರೆ ವರ್ಷಾನುಗಟ್ಟಲೆ ಲಿಫ್ಟಿನ ಬಾಗಿಲಲ್ಲಿ ನಿಂತು ಜನರನ್ನು ಇಳಿಸಿದ ದನಿಗೆ ಅದರದೇ ಒಂದು ಅಧಿಕಾರ ಬಂದಿರುತ್ತದೆ. ಸರ್ಜನ್ ತಮಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದರು. ಸರಿದದ್ದು ಅರಿವಿಗೆ ಬಂದ ಮೇಲೆ, ಕೈಗಡಿಯಾರ ನೋಡಿಕೊಳ್ಳುವ ನೆಪದಲ್ಲಿ ಇನ್ನೊಂದು ಹೆಜ್ಜೆ ಸರಿದು, ಹಾಗೇ ಹೊರಟುಹೋದರು.

"ಈಗ ಸರಿ ಹೋಯ್ತು," ಎಂದರು ಮೇಸ್ತ್ರಿ. "ಬಾಗಿಲು ಬಿಡಿ." ಮತ್ತೆ ನಿದ್ದೆಗೆ ಇಳಿದರು.

ಇದನ್ನೆಲ್ಲ ಬಾಗಿಲ ಬಳಿ ನಿಂತು ಕಂಡವರು ಮೇಸ್ತ್ರಿಯ ಹೆಂಡತಿ ಮತ್ತು ಆಕೆಯ ತಮ್ಮ. ತಮ್ಮ ಟೈಲರ್. ನಾಲಿಗೆ ಕತ್ತರಿಯಷ್ಟೇ ಹರಿತ. ಕತ್ತರಿಗಾದರೂ ಮಧ್ಯಾಹ್ನ ಅಂಗಡಿ ಮುಚ್ಚಿದಾಗ ಬಿಡುವುಂಟು.

ಸಂಜೆಯ ಹೊತ್ತಿಗೆ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಮೇಸ್ತ್ರಿಗೆ ನೆಟ್ಟಗೆ ಎಚ್ಚರವಾಯಿತು. ಟೈಲರ್ ಸ್ಟೂಲ್ ಎಳೆದುಕೊಂಡು ಕೂತ.

"ಭಾವ, ದೊಡ್ಡ ಡಾಕ್ಟ್ರನ್ನೇ ಇಳಿಸಿಬಿಟ್ರಿ."

"ಎಲ್ಲಿಂದ?"

"ಲಿಫ್ಟಿಂದ." ನಡೆದದ್ದನ್ನೆಲ್ಲ ಟೈಲರ್ ಹೇಳಿದ. ಮೇಸ್ತ್ರಿಯ ಕಿವಿ ಕೆಂಪಾಯಿತು.

"ಇನ್ನೇನಂದೆ ನಾನು?"

ಟೈಲರ್ ಅಕ್ಕನ ಮುಖ ನೋಡಿದ, ಮೀಸೆಯ ಅಡಿಯಲ್ಲಿ ನಕ್ಕ. "ಇನ್ನೂ ಏನೇನೋ ಅಂದ್ರಿ. ಬಿಡಿ ಭಾವ, ಮತ್ತಿನಲ್ಲಿ ಆಡಿದ್ದು. ಯಾರು ತಲೆಗೆ ಹಚ್ಕೋತಾರೆ."

ಅಸಲಿಗೆ ಮೇಸ್ತ್ರಿ ಇನ್ನೇನೂ ಅಂದಿರಲಿಲ್ಲ. ಬಟ್ಟೆಗೆ ಅಂಚು ಕಟ್ಟಿ ಅಭ್ಯಾಸವಿದ್ದ ಟೈಲರ್ ಮಾತಿಗೂ ಒಂದು ಅಂಚು ಕಟ್ಟಿದ್ದ, ಅಷ್ಟೆ. ಆದರೆ ಆ ಅಂಚು ಮೇಸ್ತ್ರಿಯ ಹೊಲಿಗೆಗಿಂತ ಆಳಕ್ಕೆ ಚುಚ್ಚಿತು. ಯಾಕೆಂದರೆ ಮೇಸ್ತ್ರಿಯ ಹೊಟ್ಟೆಯೊಳಗೆ, ಅವತ್ತು ಬೆಳಿಗ್ಗೆ ತೆಗೆದ ಗಂಟಿನ ಜೊತೆ, ಒಂದು ಗುಟ್ಟೂ ಇತ್ತು. ಗಂಟೇನೋ ಹೊರಬಂತು. ಗುಟ್ಟೂ ಹೊರಬಂತೇ?

ಮೇಸ್ತ್ರಿಯದು ಅನುಮಾನದ ಕಸುಬು. ಚಿಕ್ಕ ವಯಸ್ಸಿನಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಶೆಡ್ಡಿನಲ್ಲಿ ಸೇರಿಕೊಂಡವರು, ಅಲ್ಲಿಂದ ಲಿಫ್ಟಿನ ಕೆಲಸಕ್ಕೆ ಹತ್ತಿದರು. ಆಮೇಲೆ ಹತ್ತುವುದು ಇಳಿಯುವುದೇ ಬದುಕಾಯಿತು. ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ಕೊಟ್ಟ ಮೊದಲ ಪಾಠ ಹೀಗಿತ್ತು: "ಲಿಫ್ಟ್ ನಿಂತಿದೆ ಅಂತ ಯಾರಾದ್ರೂ ಅಂದ್ರೆ ನಂಬಬೇಡ. ಓಡ್ತಿದೆ ಅಂದ್ರಂತೂ ನಂಬಲೇಬೇಡ. ಹೋಗಿ ನೋಡು." ಆ ಪಾಠ ಮೇಸ್ತ್ರಿಗೆ ಎಷ್ಟು ಚೆನ್ನಾಗಿ ಹಿಡಿಸಿತೆಂದರೆ ಅದು ಮನೆಗೂ ಬಂತು. ಯಾರ ಮನೆಗೆ ಹೋದರೂ ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ಕೂರುತ್ತಿದ್ದರು. ತಾವೇ ಹಾಕಿದ ಬೀಗವನ್ನು ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ವಾಪಸು ಬಂದು ಮತ್ತೆ ಜಗ್ಗುತ್ತಿದ್ದರು. ಹೆಂಡತಿ ಊಟಕ್ಕೆ ಕರೆದರೆ "ಯಾಕೆ?" ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ಆಕೆ ಇದಕ್ಕೆ ಅತ್ತದ್ದುಂಟು. ಆಮೇಲೆ "ವಿಷ ಹಾಕಿದೀನಿ, ಬಿಸಿ ಆರೋದ್ರೊಳಗೆ ಬನ್ನಿ" ಎಂದು ಕರೆಯುವುದನ್ನು ಕಲಿತಳು. ಅದಕ್ಕೆ ಮಾತ್ರ ಮೇಸ್ತ್ರಿ ಎದ್ದು ಬರುತ್ತಿದ್ದರು.

ಇನ್ನು ಗುಟ್ಟಿನ ವಿಷಯ. ಈಗ ಅವರು ಮಲಗಿರುವ ಇದೇ ಆಸ್ಪತ್ರೆಯ ಲಿಫ್ಟನ್ನು ನೋಡಿಕೊಳ್ಳುವವರೂ ಅವರೇ. ಅದರ ಒಳಗೆ ಮಾಳಿಗೆಯ ಅಂಕಿಗಳ ಕೆಳಗೆ ಎರಡು ಬಟನ್: ಒಂದು ಬಾಗಿಲು ತೆರೆಯಲು, ಒಂದು ಮುಚ್ಚಲು. ಆಸ್ಪತ್ರೆಯೆಂದರೆ ಎಲ್ಲರಿಗೂ ಅವಸರ. ಒಳಗೆ ಕಾಲಿಟ್ಟವರೆಲ್ಲ ಮುಚ್ಚುವ ಬಟನ್ನನ್ನು ಕುಟ್ಟುತ್ತಿದ್ದರು. ಒಮ್ಮೆ ಬಾಗಿಲು ಒಬ್ಬ ಅಜ್ಜಿಯ ಊರುಗೋಲನ್ನು ಕಚ್ಚಿತು. ಇನ್ನೊಮ್ಮೆ ಸ್ಟ್ರೆಚರ್ ಮೇಲೆ ಹೊರಬರುತ್ತಿದ್ದ ಪ್ಲಾಸ್ಟರ್ ಹಾಕಿದ ಕಾಲನ್ನೇ ಕಚ್ಚಲು ಹೋಯಿತು. ಕಚ್ಚಿದ ಬಾಗಿಲು ಮತ್ತೆ ತೆರೆದು ಮುಚ್ಚುವಷ್ಟರಲ್ಲಿ ಇನ್ನೂ ತಡವಾಗುತ್ತಿತ್ತು. ಇಷ್ಟಾದರೂ ಜನರ ದೂರು ಮಾತ್ರ ಒಂದೇ: ಲಿಫ್ಟ್ ನಿಧಾನ, ಬಟನ್ ಒತ್ತಿದರೂ ಬಾಗಿಲು ಬೇಗ ಮುಚ್ಚುವುದಿಲ್ಲ.

ಒಂದು ದಿನ ಮೇಸ್ತ್ರಿ ಫಲಕ ಬಿಚ್ಚಿ, ಮುಚ್ಚುವ ಬಟನ್ನಿನ ವೈರನ್ನು ಕಿತ್ತು, ತುದಿಗೆ ಟೇಪು ಸುತ್ತಿ ಒಳಗೆ ಮಡಚಿಟ್ಟರು. ದೀಪದ ವೈರನ್ನು ಮಾತ್ರ ಮುಟ್ಟಲಿಲ್ಲ. ಒತ್ತಿದರೆ ಬಟನ್ನಿನ ಸುತ್ತ ಹಸಿರು ದೀಪ ಹತ್ತುತ್ತದೆ. ಬಾಗಿಲು ತನಗೆ ಬೇಕಾದಾಗ ಮುಚ್ಚಿಕೊಳ್ಳುತ್ತದೆ. ಅವತ್ತಿನಿಂದ ದೂರು ನಿಂತುಹೋಯಿತು. ವಾರ್ಡ್‌ಬಾಯ್‌ಗಳು "ಮೇಸ್ತ್ರಿ, ಲಿಫ್ಟ್ ಈಗ ಫಾಸ್ಟಾಗಿದೆ" ಎಂದರು. ಒಬ್ಬ ಹಲ್ಲಿನ ಡಾಕ್ಟರಂತೂ ಕೈಕುಲುಕಿದರು, ಮೂವತ್ತೆರಡೂ ಹಲ್ಲು ಬಿಟ್ಟು. ಮೇಸ್ತ್ರಿಗೆ ಮನುಷ್ಯಕುಲದ ಬಗ್ಗೆ ಅವತ್ತು ತಿಳಿದದ್ದು ಮತ್ತೆ ಮರೆಯಲಿಲ್ಲ: ಇವರಿಗೆ ಬಾಗಿಲು ಮುಚ್ಚುವುದು ಬೇಕಿಲ್ಲ, ತಾನು ಮುಚ್ಚಿದೆ ಅನ್ನಿಸಬೇಕು. ಒಂದು ಬಟನ್ನು, ಒಂದು ದೀಪ, ಅಷ್ಟಿದ್ದರೆ ಸಾಕು. ಆಮೇಲೆ ತಮ್ಮ ಕೈಕೆಳಗಿನ ಎಲ್ಲ ಲಿಫ್ಟುಗಳಿಗೂ ಇದೇ ಚಿಕಿತ್ಸೆ ಮಾಡಿದರು. ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಹೇಳಿದರೆ ಟೈಲರಿಗೆ ಹೇಳಿದಂತೆ. ಟೈಲರಿಗೆ ಹೇಳಿದರೆ ಊರಿಗೆಲ್ಲ ಅಳತೆ ಕೊಟ್ಟಂತೆ.

ಹೀಗಿರುವಾಗ ಹೊಟ್ಟೆನೋವು ಶುರುವಾಯಿತು. ಸ್ಕ್ಯಾನ್ ಮಾಡಿದರೆ ದೊಡ್ಡ ಕರುಳಿನಲ್ಲಿ ಗಂಟು. ಜೀವಮಾನದಲ್ಲಿ ಮೇಸ್ತ್ರಿ ಮಾಡಿಕೊಂಡ ಗಂಟು ಅದೊಂದೇ, ಅದೂ ತೆಗೆದುಹಾಕುವಂಥದು. ಕೆಟ್ಟ ಗಂಟಲ್ಲ, ಆದರೆ ದಾರಿ ಮುಚ್ಚುತ್ತಿದೆ ಎಂದರು ಸರ್ಜನ್. ಹೊಟ್ಟೆಯನ್ನು ಉದ್ದಕ್ಕೆ ತೆರೆಯಬೇಕು.

ಹಿಂದಿನ ದಿನ ಅರಿವಳಿಕೆಯ ಡಾಕ್ಟರು ನೋಡಲು ಬಂದರು. ನಡುವಯಸ್ಸಿನ ಹೆಂಗಸು, ಮೆತ್ತಗಿನ ಮಾತು. ಮೇಸ್ತ್ರಿ ಮನಸ್ಸಿನಲ್ಲೇ ಅವರಿಗೆ ನಿದ್ದೆ ಡಾಕ್ಟ್ರು ಎಂದು ಹೆಸರಿಟ್ಟರು.

"ನೀವು ಚುಚ್ಚಿ ಹೋಗ್ಬಿಡ್ತೀರಿ. ಆಮೇಲೆ ಮಧ್ಯದಲ್ಲಿ ನಂಗೆ ಎಚ್ಚರ ಆದ್ರೆ?" ಎಂದು ಕೇಳಿದರು ಮೇಸ್ತ್ರಿ.

"ಎಲ್ಲಿಗೂ ಹೋಗಲ್ಲ. ನೀವು ಏಳೋ ತನಕ ನಿಮ್ಮ ತಲೆ ಹತ್ರಾನೇ ಕೂತಿರ್ತೀನಿ. ಉಸಿರು, ಬಿಪಿ, ನಿದ್ದೆ ಎಷ್ಟು ಆಳ ಇದೆ, ಎಲ್ಲಾ ನೋಡ್ಕೊಂಡು."

"ಹಳೇ ಕಾಲದಲ್ಲಿ ಲಿಫ್ಟಲ್ಲಿ ಸ್ಟೂಲ್ ಹಾಕ್ಕೊಂಡು ಒಬ್ಬ ಆಪರೇಟರ್ ಕೂತಿರ್ತಿದ್ದನಲ್ಲ, ಹಾಗೆ."

"ಹಾಗೇ ಅಂದ್ಕೊಳ್ಳಿ," ಎಂದು ಅವರು ನಕ್ಕರು.

ಮೇಸ್ತ್ರಿ ನಗಲಿಲ್ಲ. ಸ್ಟೂಲಿನ ಮೇಲೆ ಕೂತ ಆಪರೇಟರುಗಳನ್ನು ಅವರು ಬೇಕಾದಷ್ಟು ಕಂಡಿದ್ದರು. ನಿದ್ದೆ ಹೋಗದವನೊಬ್ಬನನ್ನೂ ಕಂಡಿರಲಿಲ್ಲ.

ಆಪರೇಷನ್ನಿನ ಬೆಳಿಗ್ಗೆ ಅವರನ್ನು ಸ್ಟ್ರೆಚರಿನಲ್ಲಿ ಅವರದೇ ಲಿಫ್ಟಿಗೆ ತಳ್ಳಿದರು. ಇಷ್ಟು ವರ್ಷಗಳಲ್ಲಿ ಆ ಲಿಫ್ಟಿನಲ್ಲಿ ಅಂಗಾತ ಮಲಗಿ ಹೋದದ್ದು ಅದೇ ಮೊದಲು. ಚಾವಣಿಯ ದೀಪದ ಗಾಜಿನೊಳಗೆ ಒಂದು ಪತಂಗ ಸತ್ತು ಬಿದ್ದಿತ್ತು. ಒರೆಸಲು ಯಾರಿಗೆ ಹೇಳಬೇಕೆಂದು ಯೋಚಿಸುತ್ತಿದ್ದಾಗ ವಾರ್ಡ್‌ಬಾಯ್ ಮುಚ್ಚುವ ಬಟನ್ ಕುಟ್ಟಿದ. ಹಸಿರು ದೀಪ ಹತ್ತಿತು. ‘ಕುಟ್ಟಪ್ಪಾ ಕುಟ್ಟು’ ಅಂದುಕೊಂಡರು ಮೇಸ್ತ್ರಿ. ಆ ದಿನ ಅವರಿಗೆ ಸಿಕ್ಕ ಕೊನೆಯ ಸಂತೋಷ ಅದು. ಆಮೇಲೆ ಅರಿವು ಅಳಿಯಿತು. ಅನುಮಾನ ಮಾತ್ರ ಅಳಿಯಲಿಲ್ಲ. ಬಾಗಿಲ ಹೊರಗೆ ಕಾದು ಕೂತಿದ್ದು, ಅರಿವು ಬರುತ್ತಲೇ ಅದರ ಜೊತೆಗೇ ಒಳಗೆ ಬಂತು.

ಟೈಲರ್ ಎದ್ದು ಹೋದ ಸ್ವಲ್ಪ ಹೊತ್ತಿಗೆ ಸಿಸ್ಟರ್ ಒಂದು ಸ್ಟ್ಯಾಂಡನ್ನು ಮಂಚದ ಪಕ್ಕಕ್ಕೆ ತಂದು ನಿಲ್ಲಿಸಿದರು. ಅದರ ಮೇಲೆ ಬೀಗ ಹಾಕಿದ ಪಾರದರ್ಶಕ ಡಬ್ಬಿ. ಡಬ್ಬಿಯೊಳಗೆ ದಪ್ಪ ಸಿರಿಂಜು. ಅಲ್ಲಿಂದ ಸಣ್ಣ ಕೊಳವೆ ಮೇಸ್ತ್ರಿಯ ಕೈಯ ನರಕ್ಕೆ. ಡಬ್ಬಿಯಿಂದ ಇನ್ನೊಂದು ದಾರದಂಥ ವೈರು ಹೊರಟಿತ್ತು. ಅದರ ತುದಿಯಲ್ಲಿದ್ದುದನ್ನು ಸಿಸ್ಟರ್ ಮೇಸ್ತ್ರಿಯ ಅಂಗೈಯಲ್ಲಿಟ್ಟರು.

ಬಟನ್ನು.

"ನೋವು ಬಂದಾಗ ನೀವೇ ಒತ್ಕೊಳ್ಳಿ ಮೇಸ್ತ್ರಿ. ಔಷಧಿ ಒಳಗೆ ಹೋಗುತ್ತೆ. ನಮ್ಮನ್ನ ಕರೀಬೇಕಂತಿಲ್ಲ." ತೋರಿಸಲೆಂದು ಅವರ ಹೆಬ್ಬೆರಳನ್ನು ಹಿಡಿದು ಒತ್ತಿಸಿದರು. ಕುಂಯ್ ಎಂದಿತು. ಹಸಿರು ದೀಪ ಹತ್ತಿತು.

ಮೇಸ್ತ್ರಿಯ ಕಣ್ಣು ಆ ದೀಪದಲ್ಲೇ ನಿಂತಿತು.

ಬೆಳಿಗ್ಗೆ ತಾನು ಮತ್ತಿನಲ್ಲಿ ಏನೇನೋ ಬಡಬಡಿಸಿದ್ದೇನೆ. ಸಂಜೆಗೆ ಇವರು ತಂದು ಕೈಗೆ ಕೊಡುವುದು ಬಟನ್ನನ್ನೇ, ಅದೂ ಹಸಿರು ದೀಪದ್ದನ್ನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಮೇಸ್ತ್ರಿಗೆ ಹೆಗಲು ಮುಟ್ಟಿಕೊಳ್ಳಲು ಕೈ ಎತ್ತಲೂ ಆಗುವಂತಿರಲಿಲ್ಲ. ಎತ್ತಿದರೆ ಹೊಟ್ಟೆ ಜಗ್ಗುತ್ತಿತ್ತು.

ಆದರೂ ಕಸುಬಿನವರು. ಹೋಗಿ ನೋಡು ಎಂಬ ಪಾಠ ಮರೆಯಲಿಲ್ಲ. ಸಿಸ್ಟರ್ ಅತ್ತ ಹೋದಮೇಲೆ ಹೊಸ ಲಿಫ್ಟನ್ನು ಪರೀಕ್ಷಿಸುವಂತೆ ಬಟನ್ನನ್ನು ಪರೀಕ್ಷಿಸಿದರು. ಬಿಡದೆ ಒತ್ತಿದರು, ಟಕಟಕ ಒತ್ತಿದರು, ಒತ್ತಿ ಹಿಡಿದರು. ಪ್ರತಿ ಸಲವೂ ಕುಂಯ್, ಪ್ರತಿ ಸಲವೂ ದೀಪ. ನೋವು ಇದ್ದಲ್ಲೇ ಇತ್ತು. ಸಿರಿಂಜಿನ ದಂಡವನ್ನು ದಿಟ್ಟಿಸಿದರು, ಅದು ಅಲುಗಾಡಿದ್ದು ಕಾಣಲಿಲ್ಲ. ಮೇಸ್ತ್ರಿ ಬಟನ್ನನ್ನು ಹಾಸಿಗೆಯ ಮೇಲೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಕಣ್ಣು ಎಳೆದು ಗಾಢ ನಿದ್ದೆ ಬಂದದ್ದು ನಿಜ. ಅದಕ್ಕೆ ಅವರು ಕಂಡುಕೊಂಡ ಕಾರಣ, ಒತ್ತಿ ಒತ್ತಿ ಸುಸ್ತಾಗಿರಬೇಕು.

ಮರುದಿನದ ಹೊತ್ತಿಗೆ ತೀರ್ಮಾನ ಗಟ್ಟಿಯಾಗಿತ್ತು. ಇದು ವೈರಿಲ್ಲದ ಬಟನ್. ತನ್ನ ಬಾಯಿಂದಲೇ ವಿದ್ಯೆ ಕದ್ದು ತನಗೇ ಮಾರುತ್ತಿದ್ದಾರೆ. ತಾನು ಇದನ್ನು ಒತ್ತಿ "ಆಹಾ, ನೋವು ಕಡಿಮೆಯಾಯ್ತು" ಎಂದ ಕ್ಷಣ, ಪರದೆಯ ಆಚೆ ಎಲ್ಲರೂ ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಾರೆ. ತಾ ಕಳ್ಳ, ಪರರ ನಂಬ. ಮೇಸ್ತ್ರಿ ಎರಡು ನಿರ್ಧಾರ ಮಾಡಿದರು: ಬಟನ್ ಒತ್ತುವುದಿಲ್ಲ, ನೋವಿದೆ ಎಂದೂ ಹೇಳುವುದಿಲ್ಲ. ಹೇಳಿದರೆ ಒತ್ತಿ ಅನ್ನುತ್ತಾರಲ್ಲ.

ಬೆಳಿಗ್ಗೆ ಸಿಸ್ಟರ್ ಬಂದು ಕೇಳಿದರು. "ನೋವು ಎಷ್ಟಿದೆ ಮೇಸ್ತ್ರಿ? ಸೊನ್ನೆಯಿಂದ ಹತ್ತರೊಳಗೆ ಹೇಳಿ. ಹತ್ತು ಮಾಳಿಗೆ ಬಿಲ್ಡಿಂಗ್ ಅಂದ್ಕೊಳ್ಳಿ, ನಿಮಗೆ ಸುಲಭ."

"ಗ್ರೌಂಡ್ ಫ್ಲೋರ್," ಎಂದರು ಮೇಸ್ತ್ರಿ. ಅವರು ನಿಂತಿದ್ದುದು ತಾರಸಿಯ ಮೇಲೆ, ಅದೂ ಕಟ್ಟೆಯಿಲ್ಲದ ಕಡೆ.

"ಮತ್ತೆ ಹಣೆ ಮೇಲೆ ಬೆವರು?"

"ಸೆಕೆ."

ತಲೆಯ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಸಿಸ್ಟರ್ ಅದನ್ನೊಮ್ಮೆ ನೋಡಿದರು, ಮೇಸ್ತ್ರಿಯನ್ನೊಮ್ಮೆ ನೋಡಿದರು. ಮೂರು ಪ್ಲಾಸ್ಟಿಕ್ ಚೆಂಡುಗಳಿದ್ದ ಒಂದು ಆಟಿಕೆಯಂಥದ್ದನ್ನು ಕೈಗಿತ್ತು, ಅದರ ಕೊಳವೆಯಿಂದ ಉಸಿರು ಎಳೆಯಿರಿ ಎಂದರು. ಜೋರಾಗಿ ಎಳೆದಷ್ಟೂ ಚೆಂಡುಗಳು ಮೇಲೇರಬೇಕು. ಮೂರು ಗೂಡು, ಮೂರು ಚೆಂಡು, ಮೂರು ಪುಟ್ಟ ಲಿಫ್ಟು. ಮೇಸ್ತ್ರಿ ಎಳೆದರು. ಮೊದಲನೆಯದು ಒಂದಿಷ್ಟು ನಡುಗಿ ಕೂತಿತು. ಉಳಿದವೆರಡು ಮುಷ್ಕರ ಹೂಡಿದವರಂತೆ ಅಲ್ಲಾಡಲೇ ಇಲ್ಲ. ಜಗತ್ತಿನ ಲಿಫ್ಟುಗಳನ್ನೆಲ್ಲ ಎತ್ತಿದ ಮನುಷ್ಯನಿಗೆ ಒಂದು ಚೆಂಡು ಎತ್ತಲಾಗಲಿಲ್ಲ. ಕೆಮ್ಮಲು ಹೇಳಿದರು. ಗಂಟಲಿನ ತುದಿಯಲ್ಲಿ ಒಂದು ಸಣ್ಣ ಸದ್ದು ಮಾಡಿ, ಅದೇ ಕೆಮ್ಮು ಎಂದರು.

ಮಧ್ಯಾಹ್ನಕ್ಕೆ ಮೈ ಬಿಸಿಯಾಯಿತು. ನಿದ್ದೆ ಡಾಕ್ಟರು ಬಂದು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಕೆಳಗೆ ಗಾಳೀನೇ ಆಡ್ತಿಲ್ಲ. ನೋವಿಗೆ ಹೆದರಿ ಬರೀ ಮೇಲ್ಮೇಲೆ ಉಸಿರು ತಗೊಳ್ತಿದೀರಿ."

"ನೋವಿಲ್ವಲ್ಲ ಮೇಡಂ."

"ಇಷ್ಟುದ್ದ ಕೊಯ್ದಿದೆ, ನೋವಿಲ್ಲ ಅಂತೀರಿ. ಡ್ರಿಪ್ಪಲ್ಲಿ ಹೋಗ್ತಿರೋದು ಸಣ್ಣ ಔಷಧಿ, ಅದೊಂದೇ ಸಾಲಲ್ಲ. ಬಟನ್ ಯಾಕೆ ಒತ್ತುತ್ತಿಲ್ಲ?"

"ಅವಶ್ಯಕತೆ ಬೀಳ್ಲಿಲ್ಲ."

ಅವರು ಸ್ಟೂಲಿನ ಮೇಲೆ ಕೂತರು. ಅವರಿಗೂ ಅನುಮಾನ ಬಂದಿತ್ತು. ಈಗ ಇಬ್ಬರು ಅನುಮಾನಸ್ಥರು ಎದುರುಬದುರಾದರು. "ಅಡಿಕ್ಟ್ ಆಗ್ತೀನಿ, ಜಾಸ್ತಿ ಆಗ್ಬಿಡುತ್ತೆ ಅಂತ ಭಯಾನಾ? ಜಾಸ್ತಿ ಆಗಕ್ಕೆ ಬಿಡಲ್ಲ ಅದು. ಒಂದ್ಸಲ ಒತ್ತಿದ್ರೆ ಸ್ವಲ್ಪ ಔಷಧಿ ಹೋಗುತ್ತೆ, ಆಮೇಲೆ ಕೆಲವು ನಿಮಿಷ ಲಾಕ್ ಆಗಿರುತ್ತೆ. ಆಗ ಎಷ್ಟು ಒತ್ತಿದ್ರೂ ಏನೂ ಹೋಗಲ್ಲ, ಸದ್ದು ಮಾತ್ರ ಬರುತ್ತೆ, ದೀಪ ಮಾತ್ರ ಹತ್ತುತ್ತೆ."

ಬೇರೆ ಯಾರಿಗಾದರೂ ಇದು ಧೈರ್ಯದ ಮಾತು. ಮೇಸ್ತ್ರಿಯ ಕಿವಿಗೆ ಬಿದ್ದದ್ದು ಕೊನೆಯ ವಾಕ್ಯ ಒಂದೇ. ಏನೂ ಹೋಗುವುದಿಲ್ಲ, ದೀಪ ಮಾತ್ರ ಹತ್ತುತ್ತದೆ. ಬಾಯಿಬಿಟ್ಟೇ ಒಪ್ಪಿಕೊಳ್ಳುತ್ತಿದ್ದಾರಲ್ಲ, ಎಂಥ ಧೈರ್ಯ ಈ ಹೆಂಗಸಿಗೆ.

"ತಿಳೀತು ಮೇಡಂ," ಎಂದರು, ತುಂಬಾ ಅರ್ಥ ತುಂಬಿ.

ಡಾಕ್ಟರು ಎದ್ದು ಮೇಸ್ತ್ರಿಯ ಹೆಂಡತಿಯನ್ನು ಬಾಗಿಲ ಬಳಿ ಕರೆದು ಹೇಳಿದರು. ಹೀಗೇ ಇದ್ದರೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಶುರುವಾದಂತೆಯೇ ಇದೆ. ಈ ವಯಸ್ಸಿಗೆ ಅದು ಆಪರೇಷನ್ನಿಗಿಂತ ದೊಡ್ಡ ಗಂಡಾಂತರ. ನಾಳೆ ಬೆಳಿಗ್ಗೆಯೂ ಜ್ವರ ಇಳಿಯದಿದ್ದರೆ ಐಸಿಯುಗೆ ಹಾಕಬೇಕಾದೀತು. ಇವರು ಆಳವಾಗಿ ಉಸಿರಾಡಬೇಕು, ಕೆಮ್ಮಬೇಕು, ಎದ್ದು ನಡೆಯಬೇಕು. ನೋವು ಇಳಿಯದೆ ಇದಾವುದೂ ಆಗುವುದಿಲ್ಲ.

ಆಕೆ ವಾಪಸು ಬಂದು ಮಂಚದ ಅಂಚಿನಲ್ಲಿ ಕೂತಳು. ಮೇಸ್ತ್ರಿಯ ಮುಷ್ಟಿಯಲ್ಲಿ ಹಾಸಿಗೆಯ ಬಟ್ಟೆ ಮುದುಡಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ನನ್ ಹತ್ರಾನೂ ಸುಳ್ಳಾ?"

ಮೇಸ್ತ್ರಿ ಅತ್ತಿತ್ತ ನೋಡಿ ಪಿಸುಗುಟ್ಟಿದರು. "ಅದರಲ್ಲಿ ಏನೂ ಇಲ್ಲ ಕಣೇ. ಬರೀ ದೀಪ."

"ಏನೂ ಇಲ್ದಿದ್ರೆ ಒತ್ತೋಕೇನು ಕಷ್ಟ?"

"ಒತ್ತಿದ್ರೆ ನಗ್ತಾರೆ."

"ಯಾರು?"

"ಅವರು."

ಆಕೆ ವಾರ್ಡನ್ನೆಲ್ಲ ಕಣ್ಣಾಡಿಸಿದಳು. ಪಕ್ಕದ ಮಂಚದವರು ನಿದ್ದೆಯಲ್ಲಿದ್ದರು. ಸಿಸ್ಟರ್ ದೂರದಲ್ಲಿ ಬ್ಯಾಂಡೇಜು ಕತ್ತರಿಸುತ್ತಿದ್ದರು. ನಗುವವರು ಒಬ್ಬರೂ ಕಾಣಲಿಲ್ಲ. ಅಷ್ಟರಲ್ಲಿ ಟೈಲರ್ ಬಂದ. ಹೊದಿಕೆ ಸರಿಸಿ ಭಾವನ ಹೊಟ್ಟೆಯ ಪಟ್ಟಿಯನ್ನು ವೃತ್ತಿಯ ಕಣ್ಣಿನಿಂದ ನೋಡಿ, "ಹೊಲಿಗೆ ನೇರಕ್ಕಿದೆ. ಒಳಗಡೆ ಸ್ವಲ್ಪ ಬಟ್ಟೆ ಬಿಟ್ಟಿದ್ರೆ ಚೆನ್ನಾಗಿತ್ತು ಭಾವ, ಮುಂದೆ ದಪ್ಪ ಆದ್ರೆ ಬಿಚ್ಕೋಬಹುದಿತ್ತು," ಎಂದ. ಮೇಸ್ತ್ರಿಗೆ ನಗು ಬಂತು. ಆ ನಗು ಹೊಟ್ಟೆಯಲ್ಲಿ ಹುಟ್ಟಿ, ಹೊಲಿಗೆಗೆ ತಾಗಿ, ಮುಖಕ್ಕೆ ಬರುವಷ್ಟರಲ್ಲಿ ನೋವಾಗಿತ್ತು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಹರಿಯಿತು. ಟೈಲರ್ ಮುಖ ಪೆಚ್ಚಾಯಿತು. ಅಕ್ಕ ಅವನನ್ನು ಹೊರಗೆ ಕಳಿಸಿದಳು.

ಮೇಸ್ತ್ರಿ ಕಣ್ಣು ಮುಚ್ಚಿದರು. ನಿದ್ದೆಯಲ್ಲ, ನೋವನ್ನು ಕಣ್ಣು ತೆರೆದು ನೋಡುವುದು ಬೇಡವೆಂದು. ಹೆಂಡತಿ ಬಹಳ ಹೊತ್ತು ಅವರ ಮುಖವನ್ನೇ ನೋಡುತ್ತ ಕೂತಿದ್ದು, ನಿದ್ದೆ ಬಂತೆಂದು ತಿಳಿದು, ಹಾಸಿಗೆಯ ಮೇಲೆ ಬಿದ್ದಿದ್ದ ಬಟನ್ನನ್ನು ಮೆಲ್ಲಗೆ ಎತ್ತಿಕೊಂಡಳು. ಒತ್ತಿದಳು.

ಕುಂಯ್.

ಕತ್ತರಿ ನೆಲಕ್ಕೆ ಬಿದ್ದ ಸದ್ದು ಮೇಸ್ತ್ರಿಗೆ ಕೇಳಿಸಿತು. ಆಮೇಲೆ ಓಡಿಬಂದ ಚಪ್ಪಲಿಯ ಸದ್ದು.

"ಯಾರು ಒತ್ತಿದ್ದು?" ಸಿಸ್ಟರ್ ದನಿ ಎಂದಿನಂತಿರಲಿಲ್ಲ. "ಅಮ್ಮ, ನೀವಾ? ಅವರು ನಿದ್ದೆ ಮಾಡ್ತಿರೋವಾಗ?"

"ಏನೂ ಇಲ್ಲ ಅಂದ್ರು ಇವರು. ಏನೂ ಇಲ್ಲ ಅಂದಮೇಲೆ ಒತ್ತಿದ್ರೇನು ಅಂತ..."

"ಏನೂ ಇಲ್ಲ ಅಂತ ಹೇಳಿದ್ಯಾರು ನಿಮಗೆ? ಮಾರ್ಫಿನ್ ಅದು." ಸಿಸ್ಟರ್ ಕೈ ಆಗಲೇ ಮೇಸ್ತ್ರಿಯ ಎದೆಯ ಮೇಲಿತ್ತು. ಉಸಿರು ಎಣಿಸುತ್ತಿತ್ತು. ಆ ಕೈ ಸಣ್ಣಗೆ ನಡುಗುತ್ತಿದ್ದುದು ಅಂಗಿಯ ಮೂಲಕವೂ ತಿಳಿಯುತ್ತಿತ್ತು. "ಹಿಂದೆ ಒಂದ್ಸಲ ಯಾರದೋ ಮಗಳು ಹೀಗೇ ಪ್ರೀತಿಯಿಂದ ಒತ್ತುತ್ತಾ ಕೂತಿದ್ಲು. ಆ ಮನುಷ್ಯನ್ನ ಎಬ್ಬಿಸೋಷ್ಟರಲ್ಲಿ ನಮ್ಮ ಜೀವ ಹೋಗಿತ್ತು. ಕೇಳಿ ಇಲ್ಲಿ. ಔಷಧಿ ಜಾಸ್ತಿ ಆದ್ರೆ ಮನುಷ್ಯ ನಿದ್ದೆಗೆ ಜಾರ್ತಾನೆ. ನಿದ್ದೆಗೆ ಜಾರಿದವನು ಬಟನ್ ಒತ್ತಲ್ಲ. ಅಲ್ಲಿಗೆ ಔಷಧಿ ತಾನಾಗೇ ನಿಂತ್ಹೋಗುತ್ತೆ. ಅದೇ ಇದಕ್ಕೆ ಕಾವಲು. ಬೇರೆಯವರು ಒತ್ತಿದ್ರೆ ಕಾವಲೇ ಇಲ್ಲ. ಮೇಸ್ತ್ರಿ, ಕಣ್ಣು ಬಿಡಿ. ನನ್ನ ನೋಡಿ."

ಮೇಸ್ತ್ರಿ ಕಣ್ಣು ಬಿಟ್ಟರು. ಸಿಸ್ಟರ್ ಮುಖದಲ್ಲಿ ಬಣ್ಣವಿರಲಿಲ್ಲ. ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು, ಸೆರಗು ಬಾಯಲ್ಲಿ.

ಮೇಸ್ತ್ರಿಯ ತಲೆಯೊಳಗೆ ಏನೋ ಸದ್ದಿಲ್ಲದೆ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಸರಿಯಿತು. ವಿವರಣೆಗಳನ್ನು ಅವರು ನಂಬುವವರಲ್ಲ. ಡಾಕ್ಟರು ಎಷ್ಟು ಮೆತ್ತಗೆ ಹೇಳಿದ್ದರೂ ಅದು ವಿವರಣೆ. ಆದರೆ ಹೆದರಿಕೆ ಬೇರೆ. ತಮ್ಮ ಇಷ್ಟು ವರ್ಷಗಳ ಸರ್ವೀಸಿನಲ್ಲಿ, ವೈರು ಕಿತ್ತ ಬಟನ್ನನ್ನು ಯಾರಾದರೂ ಒತ್ತಿದರೆಂದು ತಾವು ಒಂದು ದಿನವಾದರೂ ಓಡಿದ್ದುಂಟೇ? ಮಕ್ಕಳು ಜೋತುಬಿದ್ದು ಕುಟ್ಟಿದಾಗಲೂ ಬೀಡಿ ಸೇದುತ್ತ ನೋಡಿದ್ದರು. ಸುಳ್ಳು ಬಟನ್ನಿಗೆ ಯಾರೂ ಕೈಲಿದ್ದ ಕತ್ತರಿ ಬೀಳಿಸುವುದಿಲ್ಲ. ಸುಳ್ಳು ಬಟನ್ನಿಗೆ ಯಾರ ಕೈಯೂ ನಡುಗುವುದಿಲ್ಲ.

ಅದಕ್ಕಿಂತ ಹೆಚ್ಚಾಗಿ ಆ ಕಾವಲಿನ ಮಾತು. ಲಿಫ್ಟಿನ ಅಡಿಯಲ್ಲೂ ಒಂದು ಕಾವಲಿರುತ್ತದೆ. ವೇಗ ಮಿತಿ ಮೀರಿದರೆ ಯಾರ ಅಪ್ಪಣೆಗೂ ಕಾಯದೆ ಕಂಬಿಯನ್ನು ಕಚ್ಚಿ ನಿಲ್ಲಿಸುವ ಉಕ್ಕಿನ ಹಲ್ಲು. ಬೀಳುವ ವೇಗವೇ ಬೀಳುವುದನ್ನು ನಿಲ್ಲಿಸುತ್ತದೆ. ಇಲ್ಲಿ ಬರುವ ನಿದ್ದೆಯೇ ಬೆರಳನ್ನು ನಿಲ್ಲಿಸುತ್ತದೆ. ಇದನ್ನು ಯೋಚಿಸಿದವನು ಯಾರೋ ನಮ್ಮ ಕಸುಬಿನವನೇ ಇರಬೇಕು ಎಂದುಕೊಂಡರು ಮೇಸ್ತ್ರಿ.

ಸಿಸ್ಟರ್ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಉಸಿರು ಸರಿಯಿತ್ತು. ಮೇಸ್ತ್ರಿಗೆ ಇನ್ನೊಂದು ಅಚ್ಚರಿ ಕಾದಿತ್ತು: ಕತ್ತಿಯ ಅಲಗಿನಂತಿದ್ದ ನೋವಿನ ತುದಿ ಮೆಲ್ಲಗೆ ಮೊಂಡಾಗತೊಡಗಿತ್ತು.

"ಸಿಸ್ಟರ್," ಎಂದರು. "ಈಗ ನಾನು ಒತ್ತಬಹುದಾ?"

"ನಿಮಗೆ ನೋವಿದ್ಯಾ?"

ಮೇಸ್ತ್ರಿ ಹೆಂಡತಿಯನ್ನು ನೋಡಿದರು. "ಒಂಬತ್ತನೇ ಮಾಳಿಗೆ," ಎಂದರು. "ನಿನ್ನೆಯಿಂದ."

ಒತ್ತಿದರು. ಈ ಸಲ ಟಕಟಕ ಕುಟ್ಟಲಿಲ್ಲ. ಒಂದೇ ಸಲ ಒತ್ತಿ, ಲಿಫ್ಟಿಗೆ ಕಾಯುವ ಸಭ್ಯ ಮನುಷ್ಯನಂತೆ ಕೈಕಟ್ಟಿ ಕಾದರು. ನೋವು ಒಮ್ಮೆಗೇ ಮಾಯವಾಗಲಿಲ್ಲ. ಅದು ಎಲ್ಲ ಮಾಳಿಗೆಯಲ್ಲೂ ನಿಂತು, ಬಾಗಿಲು ತೆರೆದು, ಯಾರಾದರೂ ಇದ್ದಾರೆಯೇ ಎಂದು ನೋಡಿ, ಮತ್ತೆ ಕೆಳಗಿಳಿಯಿತು. ಬಿಟ್ಟು ಬಿಟ್ಟು ಇನ್ನೆರಡು ಸಲ ಒತ್ತಿದ ಮೇಲೆ ಮೂರನೆಯ ಮಾಳಿಗೆಯಲ್ಲಿ ನಿಂತಿತು. ಸಿಸ್ಟರ್ ಹೊಟ್ಟೆಯ ಮೇಲೆ ದಿಂಬು ಒತ್ತಿ ಹಿಡಿಸಿ, "ಈಗ ಕೆಮ್ಮಿ," ಎಂದರು. ಮೇಸ್ತ್ರಿ ಕೆಮ್ಮಿದರು. ಪಕ್ಕದ ಮಂಚದವರು ಎದ್ದು ಕೂರುವಂಥ ಕೆಮ್ಮು. ಎಷ್ಟೋ ಹೊತ್ತಿನಿಂದ ಒಳಗೆ ಕೂತಿದ್ದದ್ದು ಹೊರಬಂತು. ಮೂರು ಚೆಂಡಿನ ಆಟಿಕೆ ತಂದಾಗ ಮೊದಲನೆಯದು ಏರಿತು, ಎರಡನೆಯದು ಏರಿತು. ಮೂರನೆಯದು ಮಾತ್ರ ಅಲುಗಿ ಕೂತಿತು.

"ಸರ್ವೀಸಿಂಗ್ ಆಗ್ಬೇಕು ಅದಕ್ಕೆ," ಎಂದರು ಮೇಸ್ತ್ರಿ.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಊಟಕ್ಕೆ ಕರೆದ್ರೆ ಯಾಕೆ ಅಂತೀರಿ, ನೋವಿದ್ರೆ ಇಲ್ಲ ಅಂತೀರಿ. ನಿಮ್ಮ ಜೊತೆ ಬದುಕಿದವಳು ನಾನು, ನನಗೆ ಕೊಡ್ಬೇಕು ಆ ಮಾರ್ಫಿನ್ನು," ಎಂದಳು.

ಜ್ವರ ಬೆಳಿಗ್ಗೆಗೆ ಪೂರ್ತಿ ಇಳಿಯದಿದ್ದರೂ ಏರಲಿಲ್ಲ. ಐಸಿಯು ತಪ್ಪಿತು. ಅದರ ಮರುದಿನ ಮೇಸ್ತ್ರಿ ಸ್ಟ್ಯಾಂಡನ್ನು ತಳ್ಳಿಕೊಂಡು ವಾರ್ಡಿನ ಉದ್ದಕ್ಕೂ ನಡೆದು, ಬಾಗಿಲಾಚೆ ಲಿಫ್ಟಿನ ಸದ್ದು ಕೇಳಿ ನಿಂತು, ತಲೆಯಾಡಿಸಿ ಬಂದರು. ಬೇರಿಂಗ್ ಸ್ವಲ್ಪ ಒಣಗಿದೆ ಎಂದರು.

ಬಟನ್ನಿನ ಯಂತ್ರವನ್ನು ತೆಗೆದು ಮಾತ್ರೆ ಶುರುಮಾಡುವ ದಿನ ನಿದ್ದೆ ಡಾಕ್ಟರು ಬಂದರು. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, ಖುಷಿಯಾಗಿ, ಸ್ಟೂಲಿನ ಮೇಲೆ ಕೂತರು. ಟೈಲರ್ ಕಿಟಕಿಗೆ ಒರಗಿ ನಿಂತಿದ್ದ. ಹೆಂಡತಿ ಚೀಲ ತುಂಬುತ್ತಿದ್ದಳು.

"ಈಗಾದ್ರೂ ಹೇಳಿ ಮೇಸ್ತ್ರಿ. ಮೊದಲನೇ ದಿನ ಯಾಕೆ ಒತ್ತಲಿಲ್ಲ?"

ಮಾರ್ಫಿನ್ ಕೊಟ್ಟವರಿಗೆ ಸುಳ್ಳು ಹೇಳುವುದು ಮೇಸ್ತ್ರಿಗೆ ಸರಿಯೆನಿಸಲಿಲ್ಲ. ಲಿಫ್ಟಿನ ಮುಚ್ಚುವ ಬಟನ್, ಕಿತ್ತ ವೈರು, ಉಳಿಸಿದ ದೀಪ, ಎಲ್ಲವನ್ನೂ ಹೇಳಿದರು. "ಮತ್ತಿನಲ್ಲಿ ನಾನೇ ಬಾಯಿಬಿಟ್ಟೆ, ಅದಕ್ಕೆ ನೀವು ನಂಗೂ ಹಂಗೇ ಮಾಡಿದ್ರಿ ಅಂದ್ಕೊಂಡೆ."

"ನೀವು ಅದೇನೂ ಹೇಳ್ಲಿಲ್ಲ ಭಾವ," ಎಂದ ಟೈಲರ್, ನೆಲ ನೋಡುತ್ತ. "ಬಾಗಿಲು ಬಿಡಿ ಅಂದ್ರಿ, ಮಲ್ಕೊಂಡ್ರಿ. ನಾನೇ ಸುಮ್ನೆ ರೇಗಿಸಿದ್ದು."

ಮೇಸ್ತ್ರಿ ಅವನನ್ನು ನೋಡಿದ ನೋಟಕ್ಕೆ ಯಾವ ಅರಿವಳಿಕೆಯೂ ಸಾಲುತ್ತಿರಲಿಲ್ಲ.

ಡಾಕ್ಟರು ಮಾತ್ರ ಇನ್ನೂ ಲಿಫ್ಟಿನಲ್ಲೇ ಸಿಕ್ಕಿಹಾಕಿಕೊಂಡಿದ್ದರು. "ಅಂದ್ರೆ, ಆ ಬಟನ್... ನಾನು ದಿನಾ ಒತ್ತುತ್ತೀನಿ."

"ಗೊತ್ತು ಮೇಡಂ. ಲೇಟಾದ ದಿನ ಎರಡು ಸಲ ಒತ್ತುತ್ತೀರಿ."

"ಬೇಗ ಮುಚ್ಚುತ್ತಲ್ಲ ಅದು."

ಹೆಂಡತಿ ಚೀಲ ತುಂಬುವುದನ್ನು ನಿಲ್ಲಿಸಿದ್ದಳು. ಡಾಕ್ಟರು ಸ್ಟೆತಸ್ಕೋಪನ್ನು ಮಡಚಿ ಜೇಬಿಗಿಟ್ಟುಕೊಂಡು, ಕೊರಳಿಗೆ ಹಾಕಿಕೊಂಡು, ಮತ್ತೆ ಜೇಬಿಗಿಟ್ಟರು. ಆಮೇಲೆ ದನಿ ಮೆತ್ತಗೆ ಮಾಡಿ ಕೇಳಿದರು.

"ಮೇಸ್ತ್ರಿ, ಬಟನ್ ಮೇಲೆ ನಂಬಿಕೆ ಇಲ್ದಿದ್ರೆ ಏನಾಗುತ್ತೆ ಅಂತ ನಿಮಗೀಗ ಗೊತ್ತಾಯ್ತಲ್ಲ. ಜೀವಕ್ಕೇ ಬರ್ತಿತ್ತು. ಕೆಲಸಕ್ಕೆ ವಾಪಸ್ ಹೋದ ಮೇಲೆ ಆ ವೈರ್ ಮತ್ತೆ ಜೋಡಿಸ್ತೀರಾ?"

ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡರು.

"ಬೇಡ ಮೇಡಂ," ಎಂದರು. "ಜೋಡಿಸಿದ್ರೆ, ಲಿಫ್ಟ್ ನಿಧಾನ ಆಗಿದೆ ಅಂತ ಮೊದಲನೇ ಕಂಪ್ಲೇಂಟ್ ನೀವೇ ಕೊಡ್ತೀರಿ."